ಕೋರ್ಟಿನಿಂದ ಮನೆಗೆ ಹೋದ ಕಲ್ಲು

ಹೋದ ವರ್ಷ ದೀಪಾವಳಿ ರಜೆ ಮುಗಿದು ಕೋರ್ಟುಗಳು ಮತ್ತೆ ತೆರೆದ ವಾರದಲ್ಲಿ ನಡೆದದ್ದು ಇದು. ಆಮೇಲೆ ಅದನ್ನು ನೆನೆಯದ ದಿನವೇ ಇಲ್ಲ ಎನ್ನಬೇಕು. ಒಲೆಯ ಮುಂದೆ ನಿಂತಿರುತ್ತೇನೆ, ಹಾಲು ಉಕ್ಕಿ ಹೋದದ್ದೂ ಗೊತ್ತಾಗುವುದಿಲ್ಲ. ಸಿಗ್ನಲ್ಲಿನಲ್ಲಿ ಹಸಿರು ದೀಪ ಬಿದ್ದರೂ ಸ್ಕೂಟರ್ ಮುಂದೆ ಹೋಗುವುದಿಲ್ಲ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ. "ಬರದುಬಿಡು, ತಲಿಯೊಳಗಿಂದ ಸ್ವಲ್ಪ ಇಳಿದೀತು" ಎಂದು ನನ್ನ ಗಂಡ ಎಷ್ಟೋ ಸಲ ಹೇಳಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಧಾರವಾಡದವಳು. ಕಾನೂನು ಓದಿದ್ದೂ ಅಲ್ಲಿಯೇ. ಗಂಡನಿಗೆ ನಾಗಪುರದ ಆರ್ಡ್‌ನೆನ್ಸ್ ಫ್ಯಾಕ್ಟರಿಗೆ ವರ್ಗವಾದಾಗ ನಾನೂ ಬಂದೆ. ಮರಾಠಿ ಸ್ವಲ್ಪ ಬಾಯಿಗೆ ಹತ್ತಿದ ಮೇಲೆ ಧರಮಪೇಠದಲ್ಲಿ ಆಫೀಸು ಇಟ್ಟಿದ್ದ ಹಿರಿಯ ವಕೀಲರೊಬ್ಬರ ಬಳಿ ಜೂನಿಯರ್ ಆಗಿ ಸೇರಿಕೊಂಡೆ. ಅವರು ಇನಾಮದಾರ ಸರ್. ಅವರ ಅಜ್ಜ ವಿಜಯಪುರದ ಕಡೆಯಿಂದ ರೈಲ್ವೆ ಕೆಲಸಕ್ಕೆ ಬಂದು ಇಲ್ಲೇ ನೆಲೆ ನಿಂತವರು. ಸರ್‌ಗೆ ಕನ್ನಡ ಓದಲು ಬಾರದು, ಮಾತು ಮಾತ್ರ ಮನೆಯಲ್ಲಿ ಉಳಿದಿತ್ತು. ಮೊದಲ ದಿನವೇ, "ಬರ್ರಿ ತಂಗಿ. ನನ್ನ ಕನ್ನಡಕ್ಕ ಜಂಗ್ ಹಿಡದೈತಿ. ನೀವು ಬಂದ್ರ ಅದೂ ಸ್ವಲ್ಪ ಸಾಫ್ ಆಗತೈತಿ" ಎಂದು ನಕ್ಕಿದ್ದರು. ಅರವತ್ತು ದಾಟಿದ ಮನುಷ್ಯ. ಬಡವರ ಕೇಸುಗಳನ್ನು ಫೀಸಿನ ಮಾತಿಲ್ಲದೆ ಹಿಡಿದು ಕೊನೆಯವರೆಗೂ ನಡೆಸುವವರು ಎಂದು ಹೆಸರಿತ್ತು. ಅದು ಸುಳ್ಳು ಹೆಸರಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ಹೇಳುವ ತಪ್ಪನ್ನು ಮಾಡಿದವರೂ ಅವರೇ.

ಅವರು ಆಗ ನಡೆಸುತ್ತಿದ್ದ ಒಂದು ಕೇಸು, ರಾಮಟೇಕ ದಾಟಿ ಕಾಡಿನೊಳಗಿರುವ ಒಂದು ಗೊಂಡ ಆದಿವಾಸಿಗಳ ಹಳ್ಳಿಯದು. ಊರ ಪಕ್ಕದ ಗುಡ್ಡವನ್ನು ಜಲ್ಲಿ ಒಡೆಯಲು ಒಬ್ಬ ಗುತ್ತಿಗೆದಾರ ಹಿಡಿದಿದ್ದ. ಆ ಗುಡ್ಡದ ನೆತ್ತಿಯಲ್ಲಿ ಒಂದು ದೊಡ್ಡ ಮತ್ತಿ ಮರ, ಅಲ್ಲಿಯವರು ಸಾಜಾ ಎನ್ನುತ್ತಾರೆ. ಅದರ ಬುಡದಲ್ಲಿ ನುಣುಪಾದ ಕಲ್ಲುಗಳ ಒಂದು ರಾಶಿ. ಅದು ತಮ್ಮ ಹಿರಿಯರ ಜಾಗ ಎಂದು ಊರವರು ಹೇಳಿದರು. ಗುಡ್ಡದಿಂದ ತಾನಾಗಿ ಉದುರಿದ ಕಲ್ಲು, ಪೂಜೆಯ ಕಥೆ ಕೇಸಿಗಾಗಿ ಕಟ್ಟಿದ್ದು ಎಂದು ಗುತ್ತಿಗೆದಾರ ವಾದಿಸಿದ.

ಕೋರ್ಟು ಸ್ಥಳ ನೋಡಲು ಒಬ್ಬ ಕಮಿಷನರನ್ನು ಕಳಿಸಿತ್ತು. ಆ ದಿನ ಸರ್ ಕೂಡ ಗುಡ್ಡ ಹತ್ತಿದ್ದರು. ನಾನಿನ್ನೂ ಅವರ ಬಳಿ ಸೇರಿರಲಿಲ್ಲ. ರಾಶಿಯನ್ನು ನೋಡಿದೊಡನೆ ಅವರಿಗೆ ಒಂದು ಯೋಚನೆ ಹೊಳೆಯಿತು. ಹಳ್ಳದ ನೀರಿನಲ್ಲಿ ಉರುಳಿ ಉರುಳಿ ಗುಂಡಗಾದ ಕಲ್ಲು ಗುಡ್ಡದ ತುದಿಗೆ ತಾನಾಗಿ ಹತ್ತಿ ಬರಲು ಸಾಧ್ಯವಿಲ್ಲ, ಯಾರೋ ಹೊತ್ತು ತಂದಿರಲೇಬೇಕು. ರಾಶಿಯ ಮೇಲ್ತುದಿಯಲ್ಲಿದ್ದ ಒಂದು ಕಲ್ಲನ್ನು ತೆಗೆದು ಕಮಿಷನರ ಕೈಗೆ ಕೊಟ್ಟರು. ಅದನ್ನು ಬಟ್ಟೆಯಲ್ಲಿ ಕಟ್ಟಿ, ಅರಗಿನ ಮೊಹರು ಒತ್ತಿ, ಸಾಕ್ಷ್ಯದ ವಸ್ತುವೆಂದು ಕೋರ್ಟಿನಲ್ಲಿ ಇಟ್ಟರು. ಕೇಸು ಕೊನೆಗೆ ನಿಂತದ್ದು ಆ ಕಲ್ಲಿನ ಮೇಲೆಯೇ. ಗುತ್ತಿಗೆ ರದ್ದಾಯಿತು, ಗುಡ್ಡ ಉಳಿಯಿತು.

ತೀರ್ಪಿನ ದಿನ ನಾನಿದ್ದೆ. ಕೋರ್ಟಿನ ಅಂಗಳದ ಬೇವಿನ ಮರದ ಕೆಳಗೆ ಊರವರು ಪೇಡೆ ಹಂಚುತ್ತಿದ್ದರು. ಗುಂಪಿನಿಂದ ಒಬ್ಬ ಮುದುಕಿ ಸರ್ ಹತ್ತಿರ ಬಂದಳು. ಸಗುಣಾಬಾಯಿ ಎಂದು ಹೆಸರು. ಸಣ್ಣ ದೇಹ, ಮೊಣಕಾಲಿನವರೆಗೆ ಕಚ್ಚೆ ಹಾಕಿ ಉಟ್ಟ ಹಸಿರು ಸೀರೆ. ಜೊತೆಗೆ ಅವಳ ಮಗ ಧನರಾಜ. ಅವರು ಮಾತನಾಡಿದ್ದು ಆ ಕಡೆಯ ಮರಾಠಿಯಲ್ಲಿ. ನನ್ನ ಕಿವಿಗೆ ಅದು ನಮ್ಮೂರ ಮಾತಿನಂತೆಯೇ ಕೇಳಿಸುತ್ತಿದ್ದುದರಿಂದ ಹಾಗೆಯೇ ಬರೆಯುತ್ತೇನೆ.

"ಸಾಹೇಬ, ಕೇಸು ಮುಗೀತಲ್ಲ? ಇನ್ನ ನಮ್ಮ ಮನಿಯವರನ್ನ ಬಿಡತೀರಿಲ್ಲೋ?" ಎಂದಳು ಮುದುಕಿ.

ಸರ್ ಗಾಬರಿಯಾದರು. "ಯಾರನ್ನ ಆಯಿ? ಪೊಲೀಸ್ರು ಯಾರನ್ನಾದ್ರೂ ಹಿಡಕೊಂಡು ಹೋಗ್ಯಾರೇನು?"

"ಪೊಲೀಸ್ರಲ್ಲ. ನೀವ ಒಯ್ದೀರಿ. ಮ್ಯಾಲ ಕೂತಿದ್ನಲ್ಲ, ಅಂವ ನನ್ನ ಗಂಡ."

ಪೇಡೆ ಹಿಡಿದಿದ್ದ ಸರ್ ಕೈ ಅಲ್ಲೇ ನಿಂತಿತು. ಆಮೇಲೆ ಅವಳೇ ಬಿಡಿಸಿ ಹೇಳಿದಳು. ಯಾರಾದರೂ ಸತ್ತರೆ, ಕ್ರಿಯೆಗಳೆಲ್ಲ ಮುಗಿದ ಮೇಲೆ ಮನೆಯವರು ಹಳ್ಳಕ್ಕೆ ಹೋಗುತ್ತಾರೆ. ನೀರಿನಲ್ಲಿ ಕೈಯಾಡಿಸಿ ಹುಡುಕುತ್ತಾರೆ. ಒಂದು ಕಲ್ಲು ಸಿಗುತ್ತದೆ. ಅದೇ ಅವನು. ಅವನನ್ನು ಹಾಡುತ್ತ ಗುಡ್ಡಕ್ಕೆ ತಂದು ಹಿರಿಯರ ಜೊತೆ ಕೂರಿಸುತ್ತಾರೆ. ಎಲ್ಲರಿಗಿಂತ ಕಡೆಗೆ ಸತ್ತವನು ಎಲ್ಲರಿಗಿಂತ ಮೇಲೆ ಇರುತ್ತಾನೆ. ಸರ್ ಎತ್ತಿಕೊಂಡದ್ದು ಅವನನ್ನೇ.

"ನನಗೂ ವಯಸ್ಸಾತು ಸಾಹೇಬ. ನಾನೂ ನಾಳೆ ಹಳ್ಳದಾಗಿಂದ ಬಂದು ಅಲ್ಲೇ ಕೂಡಾಕಿ. ಅಂವ ಇಲ್ಲಂದ್ರ ಯಾರ ಮಗ್ಗಲಕ ಕೂಡ್ಲಿ? ಅತ್ತಿ ಮಗ್ಗಲಕ? ಬದುಕಿದ್ದಾಗ ಕೂತಿದ್ದು ಸಾಲದೇನು?"

ಸುತ್ತಲಿದ್ದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಮಗ ನಗಲಿಲ್ಲ. ನೆಲ ನೋಡುತ್ತ ನಿಂತಿದ್ದ. "ಅವತ್ತ ಯಾಕ ಹೇಳಲಿಲ್ಲಪಾ?" ಎಂದು ಸರ್ ಅವನನ್ನು ಕೇಳಿದರು. ಮುದುಕಿಯೇ ಹೇಳಿದಳು: "ನಾ ಊರಾಗಿರಲಿಲ್ಲ, ಮಗಳ ಬಾಳಂತನಕ್ಕ ಹೋಗಿದ್ದೆ. ಇವರಿಗೆ ನಿಮ್ಮ ಕರೀ ಕೋಟು ನೋಡಿ ಬಾಯಿ ಕಟ್ಟಿತಂತ."

"ನಾನ ಸ್ವತಃ ತಂದು ಕೊಡತೀನಿ ಆಯಿ" ಎಂದು ಸರ್ ಮಾತು ಕೊಟ್ಟರು.

ಆದರೆ ಕೋರ್ಟಿನಲ್ಲಿಟ್ಟ ವಸ್ತು ಕೇಳಿದ ಕೂಡಲೇ ಸಿಗುವುದಿಲ್ಲ. ಎದುರಿನವರು ಮೇಲ್ಮನವಿ ಹಾಕುವ ಅವಧಿ ಮುಗಿಯಬೇಕು, ಅರ್ಜಿ ಕೊಡಬೇಕು, ಆದೇಶ ಬರಬೇಕು. ಅಷ್ಟರಲ್ಲಿ ಮಳೆಗಾಲ ಕಳೆಯಿತು. ಸಗುಣಾಬಾಯಿ ಮಗನ ಕೈಲಿ ಆಗಾಗ ಫೋನ್ ಮಾಡಿಸುತ್ತಿದ್ದಳು. ಒಮ್ಮೆ ನಾನೇ ಎತ್ತಿಕೊಂಡೆ. "ಅಂವನ್ನ ಎಲ್ಲಿಟ್ಟಾರ ಬಾಯಿ? ಒಬ್ಬನ್ನ ಇಟ್ಟಾರೋ, ಮಂದಿ ಅದಾರೋ?" ಎಂದು ಕೇಳಿದಳು. ಕಳ್ಳತನದ ಮೋಟರುಗಳು, ರಕ್ತ ಹತ್ತಿದ ಅಂಗಿಗಳು, ಚಾಕುಗಳು ಇರುವ ಕೋಣೆ ಅದು. "ಮಂದಿ ಅದಾರ ಆಯಿ" ಎಂದಷ್ಟೇ ಹೇಳಿದೆ. ನಮ್ಮ ಆಫೀಸಿನ ಗುಮಾಸ್ತರಿಗೆ ಇದೆಲ್ಲ ತಮಾಷೆಯಾಗಿತ್ತು. "ಮ್ಯಾಡಮ್, ಅಜ್ಜಗ ಜಾಮೀನು ಅರ್ಜಿ ಹಾಕೋಣೇನು?" ಎಂದು ಕೇಳಿ ಸರ್ ಬಾಯಿಂದ ಬೈಸಿಕೊಂಡರು.

ದೀಪಾವಳಿ ರಜೆಯ ನಂತರ ಕಲ್ಲಿನ ಗಂಟು ನಮ್ಮ ಕೈಗೆ ಬಂತು. ಸರ್ ಸಂತೋಷದಲ್ಲಿದ್ದರು. ಸೀತಾಬರ್ಡಿಗೆ ಹೋಗಿ ಒಂದು ಒಳ್ಳೆಯ ಶಾಲು, ತೆಂಗಿನಕಾಯಿ ತರಲು ನನಗೆ ಹೇಳಿದರು. "ಆಯಿಗೆ ಸತ್ಕಾರ ಮಾಡೂಣು. ಊರ ಮಂದಿ ಮುಂದ, ಬರೋಬರ್ ರೀತೀಲೆ." ನಾನು ಶಾಲಿನ ಬಣ್ಣ ಆರಿಸುವುದರಲ್ಲೇ ಅರ್ಧ ಗಂಟೆ ಕಳೆದೆ. ಒಂದು ಸಮಾರಂಭಕ್ಕೆ ಹೋಗುತ್ತಿದ್ದೇವೆ ಎಂದೇ ಇಬ್ಬರೂ ತಿಳಿದಿದ್ದೆವು.

ಮರುದಿನ ಬೆಳಿಗ್ಗೆ ಸರ್ ಕಾರಿನಲ್ಲಿ ಹೊರಟೆವು. ಅವರು ಕೋರ್ಟಿಗೆ ಹೋಗುವ ಹಾಗೆಯೇ ಕರಿ ಕೋಟು, ಕೊರಳಿಗೆ ಬಿಳಿ ಬ್ಯಾಂಡು ಹಾಕಿಕೊಂಡಿದ್ದರು, ಅದೇ ಮರ್ಯಾದೆ ಎಂದು. ಕನ್ಹಾನ್‌ನಲ್ಲಿ ನಿಲ್ಲಿಸಿ ತರ್ರಿ ಪೋಹೆ, ಖಾರದ ರಸ ಹಾಕಿದ ಅವಲಕ್ಕಿ, ತಿಂದೆವು. ಖಾರಕ್ಕೆ ಅವರ ಕಣ್ಣಲ್ಲಿ ನೀರು ಬಂದಿತ್ತು, ಆದರೂ ಇನ್ನೊಂದು ಸೌಟು ರಸ ಹಾಕಿಸಿಕೊಂಡರು. ಗಂಟು ಹಿಂದಿನ ಸೀಟಿನಲ್ಲಿ ಶಾಲಿನ ಪಕ್ಕದಲ್ಲಿತ್ತು.

ಊರು ತಲುಪಿದಾಗ ಬಿಸಿಲು ಏರಿತ್ತು. ಗುಡ್ಡದ ಬುಡದಲ್ಲಿ, ಹಾಸುಬಂಡೆಯ ಮೇಲೆ ಇಡೀ ಊರು ಸೇರಿತ್ತು. ಡೋಲು ಇಟ್ಟುಕೊಂಡವರು ಒಂದು ಕಡೆ. ಪೂಜೆ ಮಾಡುವ ಹಿರಿಯ, ಅವರು ಭೂಮಕ ಎನ್ನುತ್ತಾರೆ, ಮುಂದೆ ಕೂತಿದ್ದ. ಸಗುಣಾಬಾಯಿ ಹೊಸ ಸೀರೆ ಉಟ್ಟಿದ್ದಳು. ಬಹಳ ಗಂಡಸರ ಹೆಗಲ ಮೇಲೆ ಕೊಡಲಿ ಇತ್ತು. ಕಾಡಿನ ಊರಿನಲ್ಲಿ ಅದು ಟವೆಲ್ಲಿನ ಹಾಗೆ, ಯಾರೂ ಗಮನಿಸುವುದಿಲ್ಲ. ನಾನೂ ಆಗ ಗಮನಿಸಲಿಲ್ಲ. ಚಪ್ಪಲಿ ಬಿಟ್ಟು ಕಾರಿನ ಪಕ್ಕದಲ್ಲೇ ನಿಂತೆ.

ಸರ್ ಶಾಲು ಹಿಡಿದು ಮಾತು ಶುರು ಮಾಡಿದರು. ಇದು ನಿಮ್ಮೆಲ್ಲರ ಗೆಲುವು, ಈ ಕಲ್ಲು ನಿಮ್ಮ ಗುಡ್ಡವನ್ನು ಉಳಿಸಿತು, ಹೀಗೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಭೂಮಕ ಕೈಯೆತ್ತಿ, "ಭಾಷಣ ಆಮ್ಯಾಲ. ಮೊದಲ ಅಂವನ್ನ ತೋರಸ್ರಿ" ಎಂದ.

ಸರ್ ಅರಗು ಒಡೆದು, ದಾರ ಕತ್ತರಿಸಿ ಗಂಟು ಬಿಚ್ಚಿದರು. ಕಲ್ಲನ್ನು ತೆಗೆದು ನನ್ನ ಎರಡೂ ಅಂಗೈಗಳ ಮೇಲೆ ಇಟ್ಟರು. ಆಮೇಲೆ ಕೋಟಿನ ಜೇಬಿನಿಂದ ಒಂದು ಕಾಗದ, ಪೆನ್ನು ತೆಗೆದು ಧನರಾಜನ ಮುಂದೆ ಹಿಡಿದರು. "ಒಪ್ಪಿಸಿದ್ದಕ್ಕ ಇಲ್ಲೊಂದು ಸಹಿ ಮಾಡಪಾ. ಕೋರ್ಟಿಗೆ ಕೊಡಬೇಕಾಗತೈತಿ."

ಧನರಾಜ ಕಾಗದ ನೋಡಲಿಲ್ಲ. ನನ್ನ ಅಂಗೈ ನೋಡುತ್ತಿದ್ದ. ನಾನೂ ಆಗಲೇ ನೋಡಿದ್ದು. ಬೂದು ಬಣ್ಣದ ನುಣುಪು ಕಲ್ಲಿನ ನಟ್ಟನಡುವೆ ಕೆಂಪು ಎಣ್ಣೆಬಣ್ಣದಲ್ಲಿ ದಪ್ಪಗೆ ಒಂದು ನಂಬರು, ಅದರ ಕೆಳಗೆ ಒಂದು ಗೆರೆ. ಸಾಕ್ಷ್ಯದ ವಸ್ತುವಿಗೆ ಅಂಟಿಸಿದ ಚೀಟಿ ಉದುರಿ ಹೋಗುತ್ತದೆ ಎಂದು ಯಾರೋ ಬಣ್ಣದಲ್ಲೇ ಬರೆದುಬಿಟ್ಟಿದ್ದರು. ವಿಚಾರಣೆಯಲ್ಲಿ ಸರ್ ಅದನ್ನು ಎಷ್ಟೋ ಸಲ ನೋಡಿರಬೇಕು. ವಕೀಲರ ಕಣ್ಣಿಗೆ ಅದು ಇರಬೇಕಾದ್ದೇ, ಹಾಗಾಗಿ ಕಂಡೇ ಇರಲಿಲ್ಲ.

"ಇದೇನಿದು?" ಎಂದ ಧನರಾಜ.

"ಅದು ನಂಬರ್. ಕೋರ್ಟಿನ ಪದ್ಧತಿ ಅದು. ಪ್ರತಿಯೊಂದು ವಸ್ತುವಿಗೂ..."

"ವಸ್ತು?"

"ಅಂದ್ರ ಹಂಗಲ್ಲ. ಕಾನೂನಿನ್ಯಾಗ ಅದಕ್ಕ ಹಂಗ ಅಂತಾರ. ನೀ ಸ್ವಲ್ಪ ಸಮಜಾಯಿಸಿಕೊ..."

ಹಿಂದಿನಿಂದ ಯಾರೋ ಕೂಗಿದರು. "ಫಾರೆಸ್ಟಿನವರು ಕಡಿಯೋ ಮರಕ್ಕ ನಂಬರ್ ಹಾಕತಾರ. ಇವರು ನಮ್ಮ ಅಜ್ಜಗ ಹಾಕ್ಯಾರ!"

ಅಷ್ಟೇ. ಆಮೇಲೆ ನಡೆದದ್ದು ಎಷ್ಟು ಹೊತ್ತು ಎಂದು ಈಗಲೂ ಹೇಳಲಾರೆ. ಕೂತಿದ್ದವರೆಲ್ಲ ಎದ್ದರು. ಗುಂಪು ನಮ್ಮ ಮೇಲೆ ಬಂತು. ಬೆನ್ನಿಗೆ ಕಾರಿನ ಬಾಗಿಲಿನ ಹಿಡಿಕೆ ಒತ್ತಿ ನಾನು ಅಲ್ಲೇ ಸಿಕ್ಕಿಬಿದ್ದೆ. ಸರ್ ಕೊರಳಿನ ಬ್ಯಾಂಡನ್ನು ಒಬ್ಬ ಹಿಡಿದು ಎಳೆದ, ಅದು ಕಿತ್ತುಬಂತು. ಅವರ ಕನ್ನಡಕ ಬಂಡೆಯ ಮೇಲೆ ಬಿದ್ದು ಯಾರದೋ ಕಾಲಡಿಯಲ್ಲಿ ಪುಡಿಯಾಯಿತು. ತಮ್ಮ ಗೋಂಡಿ ಭಾಷೆಯಲ್ಲಿ ಕೂಗುತ್ತಿದ್ದರು, ನನಗೆ ಒಂದೂ ತಿಳಿಯುತ್ತಿರಲಿಲ್ಲ. ಭಾಷೆ ಗೊತ್ತಿಲ್ಲದ ಸಿಟ್ಟು ಇನ್ನೂ ಹೆಚ್ಚು ಹೆದರಿಸುತ್ತದೆ ಎಂದು ಅಂದು ಗೊತ್ತಾಯಿತು.

ಆದರೆ ನನಗೆ ಈಗಲೂ ಕಣ್ಣಿಗೆ ಕಟ್ಟುವುದು ಧನರಾಜ. ಎಲ್ಲರೂ ಕೂಗುತ್ತಿದ್ದರೆ ಅವನೊಬ್ಬ ಕೂಗುತ್ತಿರಲಿಲ್ಲ. ಹೆಗಲ ಮೇಲಿನ ಕೊಡಲಿಯನ್ನು ನಿಧಾನವಾಗಿ ಕೈಗೆ ತೆಗೆದುಕೊಂಡ. ಅಂದೇ ಮಸೆದದ್ದೋ ಏನೋ, ಅಲಗಿನ ಅಂಚು ಬೆಳ್ಳಗಿತ್ತು. ಸರ್ ಮುಂದೆ ಬಂದು ನಿಂತು ಮೆಲ್ಲನೆ ಹೇಳಿದ:

"ಅವತ್ತ ನಾನೂ ಮ್ಯಾಲ ಇದ್ದೆ. ನೀ ತಗೊಂಡಿ. ನಾ ನೋಡಿಕೋತ ನಿಂತೆ. ನಮ್ಮವ್ವ ದಿನಾ ಕೇಳತಾಳ, ಯಾಕ ಸುಮ್ಮನಿದ್ದಿ ಅಂತ. ದಿನಾ."

ಕೊಡಲಿ ಅವನ ಹೆಗಲಿಗಿಂತ ಮೇಲೆ ಹೋಯಿತು. ಸರ್ ಹಿಂದೆ ಸರಿಯಲಿಲ್ಲ, ಸರಿಯಲು ಜಾಗವೂ ಇರಲಿಲ್ಲ. ಅವರಿಂದ ನಾನು ಒಂದು ಮೊಳ ದೂರದಲ್ಲಿದ್ದೆ. ಓಡಬೇಕೆನ್ನಿಸಿತು. ಕೈ ಮುಂದೆ ಮಾಡಿ ತಡೆಯಬೇಕೆನ್ನಿಸಿತು. ಎರಡೂ ಆಗುತ್ತಿರಲಿಲ್ಲ. ಅಂಗೈಯಲ್ಲಿ ಕಲ್ಲಿತ್ತು. ಬೆವರಿಗೆ ಕೈ ಜಾರುತ್ತಿತ್ತು, ಬೆರಳುಗಳು ಗಡಗಡ ನಡುಗುತ್ತಿದ್ದವು. ಕೆಳಗೆ ಬರೀ ಬಂಡೆ. ಇದು ಬಿದ್ದರೆ ಇವತ್ತು ಇಲ್ಲಿಂದ ಯಾರೂ ಎದ್ದು ಹೋಗುವುದಿಲ್ಲ ಎಂಬುದೊಂದೇ ತಲೆಯಲ್ಲಿತ್ತು. ಹಾಗೆಂದುಕೊಂಡಷ್ಟೂ ನಡುಕ ಹೆಚ್ಚಾಯಿತು. ಕಲ್ಲು ಒಂದು ಪಕ್ಕಕ್ಕೆ ವಾಲಿತು.

"ಥಾಂಬಾ! ನಿಲ್ರಿ!"

ಸಗುಣಾಬಾಯಿಯ ದನಿ. ಅಷ್ಟು ಸಣ್ಣ ದೇಹದಿಂದ ಅಷ್ಟು ದೊಡ್ಡ ದನಿ. "ಎಲ್ಲಾರೂ ಹಿಂದ ಸರೀರಿ! ಆ ಹುಡುಗಿ ಕೈ ನೋಡ್ರೋ, ಹ್ಯಾಂಗ ನಡಗಲಿಕ್ಕತ್ತಾವ! ಬಿದ್ದಗಿದ್ದಾನು!"

ಕೂಗು ನಿಂತಿತು. ಮೈಮೇಲೆ ಬಿದ್ದಿದ್ದವರು ಬಾವಿಯ ಅಂಚಿನಿಂದ ಸರಿದಂತೆ ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿದರು. ಎಲ್ಲರ ಕಣ್ಣೂ ನನ್ನ ಕೈ ಮೇಲೆ. ಧನರಾಜನದೂ. ಕೊಡಲಿ ಮೇಲೆತ್ತಿದ ಹಾಗೆಯೇ ಇತ್ತು, ಆದರೆ ಅವನ ಮುಖ ಬದಲಾಗಿತ್ತು. ಅಪ್ಪ ಮಾಳಿಗೆಯ ತುದಿಯಲ್ಲಿ ನಿಂತದ್ದನ್ನು ಕೆಳಗಿನಿಂದ ನೋಡುವ ಮಗನ ಮುಖ ಅದು.

ಮುದುಕಿ ಬಂದಳು. ಕಲ್ಲನ್ನು ಕಿತ್ತುಕೊಳ್ಳಲಿಲ್ಲ. ನನ್ನ ಕೈಗಳ ಕೆಳಗೆ ತನ್ನ ಕೈಗಳನ್ನು ಜೋಡಿಸಿ ಹಿಡಿದಳು. ಅವಳ ಅಂಗೈ ತೊಗಟೆಯಂತೆ ಒರಟಾಗಿತ್ತು. "ನಾ ಹಿಡದೀನಿ. ನೀ ಮೊದಲ ಉಸಿರು ತಗೊ" ಎಂದಳು. ಉಸಿರು ಎಳೆದುಕೊಂಡೆ. ಅಳು ಬಂತು. "ಅಳಬ್ಯಾಡ, ಅವನ ಮ್ಯಾಲ ಬೀಳತೈತಿ" ಎಂದು ಗದರಿದಳು.

ಹಾಗೆ ಹಿಡಿದುಕೊಂಡೇ ಸರ್ ಕಡೆ ತಿರುಗಿದಳು.

"ಸಾಹೇಬ, ನಿಮ್ಮಪ್ಪ ಅದಾರೇನು?"

"ಇಲ್ಲ ಆಯಿ. ತೀರಿಕೊಂಡು ಬಾಳ ವರ್ಷಾತು."

"ಮನ್ಯಾಗ ಅವರ ಫೋಟೋ ಐತಿ?"

"ಐತಿ."

"ಅವರ ಹಣೀ ಮ್ಯಾಲ ನಂಬರ್ ಬರದೀರೇನು?"

ಸರ್ ಕೋರ್ಟಿನಲ್ಲಿ ನ್ಯಾಯಾಧೀಶರು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಕೊಡುವ ಮನುಷ್ಯ. ಈಗ ಕೈಯಲ್ಲಿದ್ದ ಸಹಿ ಕಾಗದವನ್ನು ಮಡಿಸಿ ಜೇಬಿಗಿಟ್ಟರು. ಕೋಟು ಬಿಚ್ಚಿದರು. ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ ಮುದುಕಿಯ ಮುಖ ಹುಡುಕಿದರು.

"ತಪ್ಪಾತು ಆಯಿ. ಕೇಳದ ಒಯ್ದೆ. ನಿಮ್ಮ ಒಳ್ಳೇದಕ್ಕ ಮಾಡಾಕತ್ತೀನಿ ಅಂದಮ್ಯಾಲ ಕೇಳೂದ್ಯಾಕ ಅಂತ ಅನಿಸಿತ್ತು. ಇವತ್ತು ಶಾಲು ತಗೊಂಡು ಬಂದೀನಿ ನೋಡ್ರಿ, ಒಯ್ದಿದ್ದು ತಪ್ಪು ಅಂತ ಇಲ್ಲೀತನಕ ಗೊತ್ತಾಗಿರಲಿಲ್ಲ."

ಮುದುಕಿ ಭೂಮಕನ ಕಡೆ ನೋಡಿದಳು. ಹಿರಿಯರು ಗೋಂಡಿಯಲ್ಲಿ ಬಹಳ ಹೊತ್ತು ಮಾತನಾಡಿಕೊಂಡರು. ಅಷ್ಟು ಹೊತ್ತೂ ಕಲ್ಲು ನನ್ನ ಕೈಯಲ್ಲಿ, ನನ್ನ ಕೈ ಅವಳ ಕೈಯಲ್ಲಿ. ಕೊನೆಗೆ ಧನರಾಜ ಅಷ್ಟರಲ್ಲಿ ಕೆಳಗಿಳಿಸಿದ್ದ ಕೊಡಲಿಯನ್ನು ನೆಲಕ್ಕಿಟ್ಟು ತೀರ್ಮಾನವನ್ನು ಮರಾಠಿಯಲ್ಲಿ ಹೇಳಿದ:

"ಒಯ್ದಾಂವನೇ ಅಂವನ್ನ ಹಳ್ಳಕ್ಕ ಒಯ್ಯಬೇಕು. ಬಣ್ಣ ಹೋಗೋ ತನಕಾ ತೊಳೀಬೇಕು. ಕಬ್ಬಿಣ ಮುಟ್ಟಸಬಾರದು, ಸೀಮೆಎಣ್ಣೆ ಮುಟ್ಟಸಬಾರದು. ಉಸುಕು, ನೀರು, ಕೈ. ಅಷ್ಟ."

ಹಳ್ಳ ಊರಿನ ಕೆಳಗಿತ್ತು. ಸರ್ ಬರಿಗಾಲಲ್ಲಿ, ಕಲ್ಲನ್ನು ಎದೆಗೆ ಹಿಡಿದು, ಮುಳ್ಳುಕಲ್ಲಿನ ದಾರಿಯಲ್ಲಿ ನಡೆದರು. ಕನ್ನಡಕವಿಲ್ಲದೆ ದಾರಿ ಸರಿಯಾಗಿ ಕಾಣುತ್ತಿರಲಿಲ್ಲ. ನಾನು ಹಿಡಿದುಕೊಳ್ಳಲು ಹೋದರೆ ಭೂಮಕ ಬೇಡವೆಂದು ಸನ್ನೆ ಮಾಡಿದ. ಮಂಡಿನೋವಿನ ಮನುಷ್ಯ, ಪ್ಯಾಂಟು ಮಡಿಸಿ ತಣ್ಣನೆಯ ನೀರಿನಲ್ಲಿ ಹಾಗೆಯೇ ಕೂತುಬಿಟ್ಟರು. ಉಸುಕು ಹಿಡಿದು ತಿಕ್ಕತೊಡಗಿದರು. ಎಣ್ಣೆಬಣ್ಣ, ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಊರವರು ದಂಡೆಯ ಮೇಲೆ ಕೂತು ನೋಡುತ್ತಿದ್ದರು. ಯಾರೂ ಎದ್ದು ಹೋಗಲಿಲ್ಲ.

ಬಹಳ ಹೊತ್ತಿನ ಮೇಲೆ ಸಗುಣಾಬಾಯಿ ದಂಡೆಯಿಂದಲೇ ಹೇಳಿದಳು. "ಬದುಕಿದ್ದಾಗ ಜಳಕಾ ಮಾಡು ಅಂದ್ರ ಅಡವಿಗೆ ಓಡತಿದ್ದ. ಈಗ ನೋಡ್ರಿ, ವಕೀಲನ ಕೈಲೆ ಮೈ ತಿಕ್ಕಿಸಿಕೊಳ್ಳಾಕತ್ತಾನ."

ಒಬ್ಬ ಹೆಂಗಸು ನಕ್ಕಳು. "ನೋಡು ಅತ್ತಿ, ಕಿವಿ ಹಿಂದ ತಿಕ್ಕಾಕ ಹೇಳು."

"ಕಿವಿ ಇದ್ದಿದ್ರ ನಾ ಹೇಳಿದ್ದು ಒಂದಾದ್ರೂ ಕೇಳತಿದ್ದನಲ್ಲ!"

ದಂಡೆಯ ಮೇಲೆ ನಗು ಹರಡಿತು. ಧನರಾಜ ಮಾತ್ರ ನಗದೆ ಕೂತಿದ್ದ. ಸರ್ ಬೆರಳ ಗೆಣ್ಣುಗಳು ಸುಲಿದು ನೀರಿನಲ್ಲಿ ರಕ್ತ ಎಳೆಎಳೆಯಾಗಿ ಹರಿಯುವುದು ಕಂಡಾಗ ಅವನು ಎದ್ದ. ಅವನು ನೀರಿಗಿಳಿದು ಸರ್ ಎದುರು ಕೂತು ಕೈ ಚಾಚಿದ. "ಕೊಡ್ರಿ ಇಲ್ಲೆ. ಇದರಾಗ ನನ್ನ ಪಾಲೂ ಐತಿ" ಎಂದ.

ಸರ್ ಭೂಮಕನ ಕಡೆ ನೋಡಿದರು. ಭೂಮಕ ತಡೆಯಲಿಲ್ಲ. ಸರ್ ಕಲ್ಲನ್ನು ಕೊಟ್ಟರು. ಆಮೇಲೆ ಒಬ್ಬರು ದಣಿದಾಗ ಇನ್ನೊಬ್ಬರು ತಿಕ್ಕಿದರು; ಕಲ್ಲು ಆ ಕೈಯಿಂದ ಈ ಕೈಗೆ ಹೋಗುತ್ತ ಬರುತ್ತ ಇತ್ತು. ನೆರಳು ಹಳ್ಳದ ಆಚೆ ದಡಕ್ಕೆ ಚಾಚುವ ಹೊತ್ತಿಗೆ ನಂಬರು ಹೋಗಿತ್ತು. ಕಲ್ಲಿನ ಒಂದು ಸಣ್ಣ ಗುಳಿಯಲ್ಲಿ ಮಾತ್ರ ಕೆಂಪು ಚುಕ್ಕೆಯೊಂದು ಉಳಿಯಿತು. ಎಷ್ಟು ಮಾಡಿದರೂ ಹೋಗಲಿಲ್ಲ.

ಸಗುಣಾಬಾಯಿ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಹೆಬ್ಬೆರಳಿನಿಂದ ಸವರಿದಳು. "ಇರಲಿ. ಅಲ್ಲೊಂದು ಗಾಯದ ಕಲಿ ಅವನಿಗೆ ಮೊದಲೂ ಇತ್ತು" ಎಂದು ಹೇಳಿ ಸೆರಗಿನಲ್ಲಿ ಒರೆಸಿದಳು.

ಅವರೆಲ್ಲ ಗುಡ್ಡ ಹತ್ತಿದರು. ನಮ್ಮನ್ನು ಹಳ್ಳದ ಬಳಿಯೇ ನಿಲ್ಲಲು ಹೇಳಿದರು. ಡೋಲಿನ ಸದ್ದು ಏರುತ್ತ ಹೋದದ್ದು, ಹೆಂಗಸರ ಹಾಡು, ಆಮೇಲೆ ಒಮ್ಮೆಲೇ ಎಲ್ಲ ನಿಂತದ್ದು, ಇಷ್ಟನ್ನೇ ನಾವು ಕೇಳಿದೆವು. ಕೂರಿಸಿದ್ದನ್ನು ನೋಡಲಿಲ್ಲ. ಊಟಕ್ಕೆ ಯಾರೂ ಕರೆಯಲಿಲ್ಲ. ಧನರಾಜ ಒಬ್ಬನೇ ಕೆಳಗಿಳಿದು ಬಂದು, ಮುರಿದ ಕನ್ನಡಕದ ಚೌಕಟ್ಟನ್ನು ಸರ್ ಕೈಗೆ ಕೊಟ್ಟು, "ಬೆಳಕ ಇರತನಾ ಹೊಂಡ್ರಿ" ಎಂದ.

ಸರ್‌ಗೆ ಕಣ್ಣು ಕಾಣದ್ದರಿಂದ ಕಾರು ನಾನೇ ಓಡಿಸಿದೆ. ಹೆದ್ದಾರಿ ಸೇರಿದ ಮೇಲೆ ಪೊಲೀಸರಿಗೆ ಹೇಳುವುದೇ ಎಂದು ನಾನು ಕೇಳಬೇಕಾಯಿತು. ಜೂನಿಯರ್ ಆಗಿ ಅದು ನನ್ನ ಕೆಲಸ. ಅವರು ತಲೆ ಅಲ್ಲಾಡಿಸಿದರು.

"ಏನಂತ ಹೇಳೂದು ತಂಗಿ? ಅಪ್ಪನ್ನ ಕಳಕೊಂಡ ಮಗ ಸಿಟ್ಟಾದ ಅಂತನೋ? ಕಳದಾಂವ ಯಾರು ಅಂತ ಕೇಳತಾರ." ಕೈಯಲ್ಲಿದ್ದ ಮುರಿದ ಚೌಕಟ್ಟನ್ನು ತೋರಿಸಿ ಮತ್ತೆ ಹೇಳಿದರು: "ಕೊಡಲಿ ಬರೋಬರ್ ಕಾಣಲೇ ಇಲ್ಲ ನನಗ. ಚಷ್ಮಾ ಇರಲಿಲ್ಲ. ಆ ಮುದುಕಿ ಕೇಳಿದ್ದು ಮಾತ್ರ ಕೇಳಿಸ್ತು. ನನಗ ಹೆದರಿಕಿ ಆಗಿದ್ದು ಅವಾಗ."

ನನಗೆ ಕೊಡಲಿ ಕಂಡಿತ್ತು. ಅದಕ್ಕೇ ಇರಬೇಕು, ಅದು ನನ್ನ ಜೊತೆಯೇ ಉಳಿದದ್ದು. ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. "ಆ ಊರಿನ ಸಹವಾಸ ಬಿಟ್ಟುಬಿಡು, ಇನ್ನ ಆ ಕಡೆ ಹೋಗಬ್ಯಾಡ" ಎಂದರು. ಹೋಗುವುದಿಲ್ಲ ಎಂದೇ ನಾನೂ ಅಂದುಕೊಂಡಿದ್ದೆ.

ಬೇಸಿಗೆಯಲ್ಲಿ ಧನರಾಜ ಆಫೀಸಿಗೆ ಬಂದ. ಬಾಗಿಲಲ್ಲಿ ಅವನನ್ನು ಕಂಡೊಡನೆ ನಾನು ಕುರ್ಚಿಯಿಂದ ಎದ್ದು ಗೋಡೆಗೆ ಒತ್ತಿಕೊಂಡೆ. ಅವನಿಗೂ ಅದು ಗೊತ್ತಾಯಿತು. ಒಳಗೆ ಬರದೆ ಹೊಸ್ತಿಲಲ್ಲೇ ನಿಂತ. ಊರಿನ ಕಾಡಿನ ದಾರಿಯ ಬಗ್ಗೆ ಇನ್ನೊಂದು ತಕರಾರು ಎದ್ದಿತ್ತು, ಗ್ರಾಮಸಭೆ ಅವನನ್ನು ಕಳಿಸಿತ್ತು. ಸರ್ ಎಲ್ಲ ಕೇಳಿ, "ಜಾಗಾ ನೋಡಬೇಕಾಗತೈತಿ. ಯಾವಾಗ ಬರಲಿ? ಬರಬಹುದೇನು?" ಎಂದರು.

"ಊರಾಗ ಕೂಡಿ ಮಾತಾಡಿ ಹೇಳತೀವಿ" ಎಂದ ಧನರಾಜ. "ಯಾವುದು ತೋರಸಬೇಕು, ಯಾವುದು ಬ್ಯಾಡ, ಅದನ್ನ ಅವ್ವ, ಭೂಮಕ ಹೇಳತಾರ. ಅಷ್ಟರಾಗ ಕೇಸು ನಡಸಲಿಕ್ಕ ಆದ್ರ ನಡಸ್ರಿ. ಆಗಲಿಲ್ಲಂದ್ರ ಬ್ಯಾಡ."

ವಕೀಲರಿಗೆ ಹೀಗೆ ಷರತ್ತು ಹಾಕುವ ಕಕ್ಷಿದಾರರನ್ನು ನಾನು ನೋಡಿರಲಿಲ್ಲ. ಸರ್ "ಆಗಲಿ" ಎಂದರು.

ಅವನು ಹೊರಟಾಗ ನಾನು ಹಿಂದೆಯೇ ಮೆಟ್ಟಿಲವರೆಗೆ ಹೋದೆ. ಕೇಳದಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ. "ಧನರಾಜಣ್ಣ, ಊರವರು ಸರ್‌ನ್ನ ಕ್ಷಮಿಸಿದ್ರೇನು?" ಎಂದೆ.

ಅವನು ಯೋಚಿಸಿದ. ನನಗೆ ನೋವಾಗದಂತೆ ಹೇಳಲು ಮಾತು ಹುಡುಕುತ್ತಿದ್ದ ಹಾಗೆ ಕಂಡಿತು.

"ಕ್ಷಮಾ ಅದು ಇದು ಗೊತ್ತಿಲ್ಲ ಬಾಯಿ. ಅಪ್ಪ ಮನಿಗೆ ಬಂದ. ಅವ್ವ ಈಗ ಊಟಾ ಮಾಡತಾಳ, ನನ್ನ ಕೂಡ ಮಾತಾಡತಾಳ. ಅಷ್ಟ ಆಗೇತಿ."

ಮೆಟ್ಟಿಲಿಳಿದು ಆಟೋಗಳ ನಡುವೆ ಅವನು ಮರೆಯಾಗುವವರೆಗೂ ನೋಡುತ್ತ ನಿಂತೆ. ಅವನ ಮೇಲಿನ ಭಯ ನನಗೆ ಪೂರ್ತಿ ಹೋಗಿಲ್ಲ. ಅಂದು ನನ್ನ ಬೆರಳು ಇನ್ನಷ್ಟು ಸಡಿಲವಾಗಿದ್ದರೆ ಎಂಬ ಯೋಚನೆ ಬಂದಾಗ ಈಗಲೂ ಬೆವರುತ್ತೇನೆ. ಆದರೆ ಅವರ ಊರಿನಿಂದ ಫೋನ್ ಬಂದರೆ, ಕರೆದರೆ, ಹೋಗಬೇಕು ಎಂದು ತೀರ್ಮಾನಿಸಿದ್ದೇನೆ. ಗಂಡನಿಗೂ ಹೇಳಿದ್ದೇನೆ. ಇನ್ನೂ ಫೋನ್ ಬಂದಿಲ್ಲ. ಕಾಯುತ್ತಿದ್ದೇವೆ.